ಮೂಡುಬಿದಿರೆಯ ಹೆಣಿಗೆ: ಕೈವಾರ, ಅಳತೆಗೋಲು ಮತ್ತು ಸಭೆಯ ದೃಷ್ಟಿ

ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ಹಾಗೂ ಪೌರಸ್ತ್ಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಮೂಡುಬಿದಿರೆಗೆ ಮೀಸಲಾದ ಪುಟಗಳು ಕೆಲವೇ. ಆದರೆ ಅವುಗಳಲ್ಲಿ ಬರುವ ಒಂದು ಮಾತು ದೇವಜ್ಞಾನದ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸುವಂಥದು. ಅಲ್ಲಿನ ಜೈನ ಬಸದಿಯ ಕಂಬಗಳ ಮೇಲೆ ಬುಟ್ಟಿಯ ಹೆಣಿಗೆಯನ್ನು ಹೋಲುವ ಅಲಂಕಾರವಿದೆಯೆಂದೂ, ಐರ್ಲೆಂಡಿನ ಪ್ರಾಚೀನ ಹಸ್ತಪ್ರತಿಗಳಲ್ಲಿಯೂ ಕಲ್ಲಿನ ಶಿಲುಬೆಗಳಲ್ಲಿಯೂ ಕಾಣುವ ಹೆಣಿಗೆಗೆ ಅದು ಅಚ್ಚರಿಯಾಗುವಷ್ಟು ಸಮೀಪವಾಗಿದೆಯೆಂದೂ ಅವರು ಗುರುತಿಸಿದರು. ಅರ್ಮೇನಿಯದಲ್ಲಿಯೂ ಅದೇ ರೀತಿ ಉಂಟು. ಆದರೆ ಭಾರತದ ಪಶ್ಚಿಮ ಕರಾವಳಿಗೆ ಅದು ಬಂದ ದಾರಿಯನ್ನು ಹೇಳಲು ನಂಬತಕ್ಕ ಆಧಾರವಿಲ್ಲವೆಂದು ಒಪ್ಪಿಕೊಂಡು ಅವರು ಮುಂದೆ ಸಾಗಿದರು.

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿರುವ ಆ ಬಸದಿಯನ್ನು ನಮ್ಮಲ್ಲಿ ನೋಡದವರು ವಿರಳ. ತ್ರಿಭುವನ ತಿಲಕ ಚೂಡಾಮಣಿ ಎಂಬುದು ಅದರ ಪೂರ್ಣನಾಮ. ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ಚಂದ್ರನಾಥ ತೀರ್ಥಂಕರನಿಗಾಗಿ 1430ರಲ್ಲಿ, ವಿಜಯನಗರದ ಆಳ್ವಿಕೆಯ ಕಾಲದಲ್ಲಿ ಕಟ್ಟಲ್ಪಟ್ಟದ್ದು. ಕೆಳಗೆ ಕಗ್ಗಲ್ಲು, ಮೇಲೆ ಮರ. ಮೂರು ನೆಲೆಗಳ ಇಳಿಜಾರು ಮಾಡು. ಅದರ ಮಂಟಪಗಳಲ್ಲಿ ನಿಂತವನ ಕಣ್ಣು ಸಾಮಾನ್ಯವಾಗಿ ಕಂಬಗಳ ಎಣಿಕೆಗೋ ದುಂಡುಕಂಬಗಳ ನುಣುಪಿಗೋ ಹೋಗುತ್ತದೆ. ಕಂಬದ ಚೌಕ ಮುಖವೊಂದರ ಎದುರು ಸ್ವಲ್ಪ ಹೊತ್ತು ನಿಂತರೆ ಮಾತ್ರ ಫರ್ಗ್ಯುಸನ್ ಕಂಡದ್ದು ಕಾಣಸಿಗುತ್ತದೆ: ಒಂದು ಪಟ್ಟಿ ಇನ್ನೊಂದರ ಮೇಲೆ ಹಾಯ್ದು, ಮುಂದಿನದರ ಕೆಳಗೆ ನುಸುಳಿ, ಅಂಚನ್ನು ಮುಟ್ಟಿ ತಿರುಗಿ, ಮತ್ತೆ ಒಳಕ್ಕೆ ಬರುತ್ತದೆ. ಮೊದಲೂ ಇಲ್ಲ, ಕೊನೆಯೂ ಇಲ್ಲ.

ಇಂಥ ಸಾಮ್ಯವನ್ನು ಕಂಡೊಡನೆ ಕ್ರೈಸ್ತ ಓದುಗನ ಮನಸ್ಸಿನಲ್ಲಿ ಒಂದು ಪ್ರಲೋಭನೆ ಹುಟ್ಟುತ್ತದೆ. ಐರಿಷ್ ಸನ್ಯಾಸಿಯ ಸುವಾರ್ತಾಪುಟ ಮತ್ತು ತುಳುನಾಡಿನ ಕಂಬ ಒಂದೇ ರೂಪದಲ್ಲಿದ್ದರೆ, ನಡುವೆ ಯಾವನೋ ಪುರಾತನ ಕ್ರೈಸ್ತ ಪ್ರವಾಸಿ ಇದ್ದಿರಬೇಕಲ್ಲವೇ ಎಂಬುದೇ ಅದು. ಇದನ್ನು ಬೇಗನೆ ಬದಿಗಿಡುವುದು ಲೇಸು. ಪರಂಗಿಮಲೆ ಮತ್ತು ಕೊಟ್ಟಾಯಂನ ಪಹ್ಲವಿ ಬರಹದ ಶಿಲುಬೆಗಳು ದಕ್ಷಿಣ ಭಾರತದ ಪೂರ್ವ ಸಭೆಯ ಅತಿ ಹಳೆಯ ಸಾಕ್ಷಿಗಳು. ಅವುಗಳ ಅಲಂಕಾರ ಕಮಾನು, ಮಕರ, ಕಮಲದಳಗಳದ್ದು, ಹೆಣಿಗೆಯ ಪಟ್ಟಿ ಅವುಗಳ ಲಕ್ಷಣವಲ್ಲ. ಮದರಾಸಿನಲ್ಲಿ ಅರ್ಮೇನಿಯದ ವರ್ತಕರು ಪ್ರಬಲರಾದದ್ದು 17 ಮತ್ತು 18ನೆಯ ಶತಮಾನಗಳಲ್ಲಿ, ಬಸದಿ ಕಟ್ಟಿ ಇನ್ನೂರು ವರ್ಷಗಳಿಗೂ ಮಿಗಿಲಾದ ಮೇಲೆ. ದಾರಿಯನ್ನು ಹುಡುಕುವ ಮೊದಲು, ಆ ರೇಖೆಯನ್ನು ಎಳೆಯುವ ಬಗೆಯನ್ನು ಅರಿಯುವುದು ಒಳ್ಳೆಯದೆಂದು ನನಗೆ ತೋರುತ್ತದೆ. ವಿಧಾನವನ್ನು ಕೈಯಿಂದ ಮಾಡಿ ನೋಡದೆ ರೂಪದ ವಂಶಾವಳಿಯನ್ನು ಬರೆಯುವ ಅಭ್ಯಾಸ ಕಲಾಚರಿತ್ರೆಯಲ್ಲಿಯೂ ಉಂಟು, ಧರ್ಮಗಳ ಚರಿತ್ರೆಯಲ್ಲಿಯೂ ಉಂಟು.

ಅಳತೆಗೋಲಿನಿಂದ ಒಂದು ಆಯತವನ್ನು ಎಳೆದು, ಒಂದು ಬದಿಯನ್ನು 3 ಸಮಭಾಗಗಳಾಗಿಯೂ ಇನ್ನೊಂದನ್ನು 4 ಸಮಭಾಗಗಳಾಗಿಯೂ ಮಾಡಿಕೊಳ್ಳಬೇಕು. ಸಮಭಾಗಗಳನ್ನು ಗುರುತಿಸಲು ಕೈವಾರದ ಎರಡು ಕಾಲುಗಳೇ ಸಾಕು. ಅಂಗುಲದ ಲೆಕ್ಕ ಬೇಕಾಗಿಲ್ಲ. ಹೀಗೆ 12 ಮನೆಗಳಾದುವು. ಪ್ರತಿಯೊಂದು ಮನೆಯ ನಡುವೆ ಒಂದು ಚುಕ್ಕಿ. ಈಗ ಮನೆಗಳ ಬದಿಗಳ ಮಧ್ಯಬಿಂದುಗಳನ್ನು ಹಾಯುವ ಓರೆಗೆರೆಯೊಂದನ್ನು ಹೊರಡಿಸಿ, ಅದು ಹೊರಗಿನ ಅಂಚನ್ನು ಮುಟ್ಟಿದಾಗಲೆಲ್ಲ, ಗೋಡೆಗೆ ತಾಗಿದ ಚೆಂಡಿನಂತೆ ಹಿಂದಕ್ಕೆ ತಿರುಗಿಸುತ್ತ ಹೋದರೆ, ಆ ಒಂದೇ ಗೆರೆ ಹನ್ನೆರಡು ಚುಕ್ಕಿಗಳನ್ನೂ ಬಳಸಿ ಹೊರಟಲ್ಲಿಗೇ ಬಂದು ಸೇರುತ್ತದೆ. ನಮ್ಮ ನೆರೆಮನೆಗಳ ಅಂಗಳದಲ್ಲಿ ಚುಕ್ಕಿಯಿಟ್ಟು ಬಳ್ಳಿ ಸುತ್ತುವ ರಂಗವಲ್ಲಿಯನ್ನು ಕಂಡವರಿಗೆ ಇದು ಹೊಸದಲ್ಲ. ಬದಿಗಳನ್ನು 4 ಮತ್ತು 4 ಆಗಿ ಭಾಗಿಸಿದರೆ ಒಂದು ಗೆರೆ ಸಾಲದು, ನಾಲ್ಕು ಬೇಕಾಗುತ್ತವೆ; 4 ಮತ್ತು 6 ಆದರೆ ಎರಡು. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಗೆರೆಗಳು ಎಂಬುದು ಇದರ ನಿಯಮ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಗಣಿತವೊಂದು ಕಂಬದ ಮುಖದಲ್ಲಿ ಹೀಗೆ ಎದುರಾಗುತ್ತದೆ.

ಮುಂದಿನ ಕೆಲಸ ಕೈವಾರದ್ದು. ಅಂಚಿನ ಚೂಪಾದ ತಿರುವುಗಳಲ್ಲಿ ಚುಕ್ಕಿಯ ಮೇಲೆ ಮೊನೆಯನ್ನಿಟ್ಟು ಸಣ್ಣ ಕಂಸವನ್ನು ಎಳೆದರೆ ರೇಖೆಗೆ ಬಳ್ಳಿಯ ಬಾಗು ಬರುತ್ತದೆ. ಬಳಿಕ ಗೆರೆಯ ಎರಡು ಪಕ್ಕಗಳಲ್ಲಿ ಸಮಾಂತರ ಗೆರೆಗಳನ್ನು ಹಾಕಿ ಅದನ್ನು ಪಟ್ಟಿಯಾಗಿಸಬೇಕು. ಕೊನೆಯದಾಗಿ ಪ್ರತಿ ಸಂಧಿಯಲ್ಲಿಯೂ ಒಂದು ಪಟ್ಟಿಯನ್ನು ಉಳಿಸಿ ಇನ್ನೊಂದನ್ನು ಅಳಿಸಬೇಕು: ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹೆಣಿಗೆ ಎಷ್ಟೇ ಜಟಿಲವಾಗಿದ್ದರೂ ಈ ಸರದಿ ಎಲ್ಲಿಯೂ ತಪ್ಪುವುದಿಲ್ಲ; ಕಾಗದದ ಮೇಲೆ ಹಾಯುವ ಯಾವುದೇ ಮುಚ್ಚಿದ ಗೆರೆಗೂ ಇದು ಅನ್ವಯಿಸುತ್ತದೆಂದು ಗಣಿತಜ್ಞರು ಸಾಧಿಸಿದ್ದಾರೆ. ಕೊನೆಯ ಸಂಧಿಯಲ್ಲಿ ಎರಡು ಪಟ್ಟಿಗಳೂ ಮೇಲೆಯೇ ಬರಬೇಕೆಂದು ಹಟ ಹಿಡಿದರೆ, ಹಿಂದೆ ಎಲ್ಲಿಯೋ ನಮ್ಮ ಕೈ ತಪ್ಪಿದೆಯೆಂದೇ ಅರ್ಥ. ಈ ಅಭ್ಯಾಸವನ್ನು ಮಾಡಿಸಿದಾಗ ಮೊದಲ ಸಲ ತಪ್ಪದವರನ್ನು ನಾನು ಕಂಡಿಲ್ಲ. ನಾನೂ ಮೂರು ಹಾಳೆಗಳನ್ನು ಹರಿದೆ.

ಕಾಗದದಲ್ಲಿ ಅಳಿಸಬಹುದು, ಕಗ್ಗಲ್ಲಿನಲ್ಲಿ ಅಳಿಸಲಾಗದು. ಆದಕಾರಣ ಉಳಿ ಬೀಳುವುದಕ್ಕೆ ಮೊದಲೇ ಲೆಕ್ಕ ಮುಗಿದಿರಬೇಕು. ನಮ್ಮ ನಾಡಿನ ಶಿಲ್ಪಿಗಳಲ್ಲಿ ಈ ಲೆಕ್ಕಕ್ಕೆ ಹಳೆಯ ಸಾಧನಗಳಿದ್ದುವು. ಗೂಟ ಮತ್ತು ಹಗ್ಗ ಸೇರಿದರೆ ಅದೇ ದೊಡ್ಡ ಕೈವಾರ. ಯಜ್ಞವೇದಿಕೆಗಳ ಅಳತೆಯನ್ನು ಹೇಳುವ ಶುಲ್ಬಸೂತ್ರಗಳ ಹೆಸರಿನಲ್ಲಿರುವ ಶುಲ್ಬ ಎಂದರೆ ಹಗ್ಗವೇ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಹಂತಹಂತವಾಗಿ ತಿರುಗಿಸಿ ನಕ್ಷತ್ರಾಕಾರದ ತಳವಿನ್ಯಾಸವನ್ನು ಪಡೆಯುವ ಕ್ರಮ ಹೊಯ್ಸಳರ ಗುಡಿಗಳಲ್ಲಿದೆ; ಡಂಬಳದ ದೊಡ್ಡಬಸಪ್ಪ ದೇವಾಲಯದಲ್ಲಿ ಅದು 24 ಮೂಲೆಗಳ ನಕ್ಷತ್ರವಾಗಿದೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದರೊಳಗೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಎಂಟು ಕಮಾನುಗಳು ಪರಸ್ಪರ ಹಾಯ್ದು ಗುಮ್ಮಟದ ಭಾರವನ್ನು ಹೊರುತ್ತವೆ. ಜೈನ, ವೈಷ್ಣವ, ಶೈವ, ಮುಸಲ್ಮಾನ ಕಟ್ಟಡಗಳಲ್ಲಿ ಹೀಗೆ ಒಂದೇ ಕೈವಾರದ ನಡೆ ಕಾಣುತ್ತದೆ.

ಇನ್ನು ಬ್ರಿಟನಿನ ಉತ್ತರ ತೀರಕ್ಕೆ ಹೋಗೋಣ. ಲಿಂಡಿಸ್‌ಫಾರ್ನ್ ದ್ವೀಪದ ಮಠದಲ್ಲಿ ಸಿದ್ಧವಾದ ಸುವಾರ್ತಾಗ್ರಂಥ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹತ್ತನೆಯ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಯಾಜಕನು ಅದರ ಕೊನೆಯಲ್ಲಿ ಬರೆದ ಟಿಪ್ಪಣಿಯ ಪ್ರಕಾರ, ಬರೆದವನು ಈಡ್‌ಫ್ರಿತ್, ಹೊಲಿದು ಕಟ್ಟಿದವನು ಎಥಿಲ್ವಾಲ್ಡ್, ಹೊದಿಕೆಗೆ ಲೋಹಾಲಂಕಾರ ಮಾಡಿದವನು ಏಕಾಂತವಾಸಿಯಾದ ಬಿಲ್‌ಫ್ರಿತ್. ಈಡ್‌ಫ್ರಿತ್ 698ರಿಂದ 721ರವರೆಗೆ ಅಲ್ಲಿನ ಬಿಷಪನಾಗಿದ್ದವನು. ಪ್ರತಿಯೊಂದು ಸುವಾರ್ತೆಯ ಆರಂಭದಲ್ಲಿ ಅಕ್ಷರವೇ ಇಲ್ಲದ ಒಂದು ಪುಟ. ಇಡೀ ಪುಟ ಹೆಣಿಗೆಯಿಂದ ತುಂಬಿದೆ, ಹೆಣಿಗೆಯ ನಡುವೆ ಶಿಲುಬೆಯ ಆಕಾರ ಅಡಗಿದೆ. ಆ ಪುಟಗಳ ಹಿಂಬದಿಯನ್ನು ಪರೀಕ್ಷಿಸಿದ ವಿದ್ವಾಂಸರು ಕೈವಾರದ ಮೊನೆ ಚುಚ್ಚಿದ ತೂತುಗಳನ್ನೂ, ಅಳತೆಗೋಲಿನಿಂದ ಎಳೆದ ಮನೆಗಳನ್ನೂ, ಕಂಸಗಳನ್ನೂ ಕಂಡುಕೊಂಡರು. ಬಿಷಪನು ಧರ್ಮಪ್ರಾಂತದ ಕಾರ್ಯಭಾರದ ನಡುವೆ ಚರ್ಮದ ಹಾಳೆಯ ಹಿಂಬದಿಯಲ್ಲಿ ಮನೆಗಳನ್ನು ಎಣಿಸುತ್ತ ಕುಳಿತಿದ್ದನು! ಇದನ್ನು ಓದುವಾಗಲೆಲ್ಲ, ಧ್ಯಾನವೆಂದರೆ ಕಣ್ಣು ಮುಚ್ಚುವುದಷ್ಟೇ ಎಂದು ಕಲಿಸುವ ನಮ್ಮ ಪಾಠಕ್ರಮದ ಬಗ್ಗೆ ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ಹೆಣಿಗೆಯ ಈ ರೀತಿಯನ್ನು ಕ್ರಮಬದ್ಧವಾಗಿ ವಿಂಗಡಿಸಿದವರು ಜೆ. ರೊಮಿಲಿ ಆಲನ್, ಕೆಲ್ಟಿಕ್ ಕಲೆಯನ್ನು ಕುರಿತ ಅವರ ಗ್ರಂಥ 1904ರಲ್ಲಿ ಬಂದಿತು. ಎಷ್ಟೇ ಜಟಿಲವಾದ ಗಂಟಾದರೂ ಸಾದಾ ಹೆಣಿಗೆಯಿಂದ ಹುಟ್ಟುತ್ತದೆ, ಕೆಲವು ಸಂಧಿಗಳನ್ನು ಕತ್ತರಿಸಿ ತುದಿಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಸಾಕು ಎಂಬುದು ಅವರ ನಿರ್ಣಯ. ಇದು ನಿಜವಾದರೆ ಫರ್ಗ್ಯುಸನ್‌ರ ಪ್ರಶ್ನೆಯ ಬಲ ಅರ್ಧಕ್ಕಿಳಿಯುತ್ತದೆ. ಹೆಣೆಯಲು ಬಲ್ಲ ಜನರಿದ್ದಲ್ಲಿ, ಆ ಹೆಣಿಗೆಯನ್ನು ಬಾಗದ ವಸ್ತುವಿನ ಮೇಲೆ ಮೂಡಿಸುವ ಆಸೆಯಿದ್ದಲ್ಲಿ, ಅಳೆಯುವ ಉಪಕರಣವಿದ್ದಲ್ಲಿ, ಈ ರೂಪ ತಾನಾಗಿಯೇ ಹುಟ್ಟಬಲ್ಲದು. ಬಳ್ಳಿಗೆ ಕೈವಾರ ಬೇಕಾಗಿಲ್ಲ. ಅದರ ಬಿಗುವೇ ಅದರ ಅಳತೆ. ಕಲ್ಲಿಗೂ ಚರ್ಮದ ಹಾಳೆಗೂ ಆ ಬಿಗುವು ಇಲ್ಲ. ಅಲ್ಲಿ ಮೇಲೆ ಕೆಳಗೆ ಎಂಬುದು ಕೇವಲ ತೋರಿಕೆ. ತೋರಿಕೆ ನಿಜದಂತೆ ನಿಲ್ಲಬೇಕಾದರೆ ಕೈವಾರ ಬರಬೇಕಾಯಿತು.

ಫರ್ಗ್ಯುಸನ್ ಆ ಅಲಂಕಾರವನ್ನು ಬುಟ್ಟಿಗೆ ಹೋಲಿಸಿದರಷ್ಟೇ; ದಾರಿಯನ್ನು ಹುಡುಕುತ್ತ ಡಾನ್ಯೂಬ್ ನದಿಯ ಕಣಿವೆಯವರೆಗೂ ಹೋದ ಅವರು ಮೂಡುಬಿದಿರೆಯಲ್ಲಿ ಬುಟ್ಟಿ ಹೆಣೆಯುವವರು ಯಾರೆಂದು ಕೇಳಲಿಲ್ಲ. ತುಳುನಾಡಿನಲ್ಲಿ ಆ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು: ಕೊರಗರು. ಕಾಡಿನ ಬಳ್ಳಿಯನ್ನೂ ಬಿದಿರಿನ ಸೀಳನ್ನೂ ತಂದು ಹೆಡಿಗೆ, ಬುಟ್ಟಿ, ಗೆರಸೆಗಳನ್ನು ಹೆಣೆದು ಕೊಡುವುದು ತಲೆಮಾರುಗಳಿಂದ ಅವರ ಕಸುಬು. ಭತ್ತ ಕಣದಿಂದ ಮನೆಗೆ ಬಂದದ್ದು, ಗೊಬ್ಬರ ಗದ್ದೆಗೆ ಹೋದದ್ದು, ಮೀನು ಮಂಗಳೂರಿನ ಬಂದರಿನಿಂದ ಪೇಟೆಗೆ ಬಂದದ್ದು ಬುಟ್ಟಿಗಳಲ್ಲಿಯೇ. ಆ ಬುಟ್ಟಿಯನ್ನು ಹೆಣೆದವನು ಮಾತ್ರ ದೇಗುಲದ ಅಂಗಳವನ್ನೂ ಊರ ದಾರಿಯನ್ನೂ ಬಿಟ್ಟು ದೂರ ನಿಲ್ಲಬೇಕಾಗಿತ್ತು. ಅವನ ಮೇಲೆ ಹೇರಿದ ಅಜಲು ಎಂಬ ಅಮಾನುಷ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ ಪ್ರತ್ಯೇಕ ಕಾಯಿದೆ ಬರಲು 2000ನೆಯ ಇಸವಿಯವರೆಗೆ ಕಾಯಬೇಕಾಯಿತು. ಬಸದಿಯ ಶಿಲ್ಪಿ ಕೊರಗರ ಬುಟ್ಟಿಯನ್ನು ನೋಡಿಯೇ ಕೆತ್ತಿದನೆಂದು ನಾನು ವಾದಿಸುತ್ತಿಲ್ಲ. ಅಂಥ ದಾಖಲೆ ಎಲ್ಲಿಂದ ಬಂದೀತು? ನನ್ನ ಮಾತು ಇಷ್ಟೇ: ಹೊರಗೆ ನಿಲ್ಲಿಸಲ್ಪಟ್ಟವರ ಕೈಯಲ್ಲಿ ಜೀವಂತವಾಗಿದ್ದ ವಿದ್ಯೆಯೊಂದು ಒಳಗೆ ಕಲ್ಲಿನ ಮೇಲೆ ಗೌರವ ಪಡೆಯಿತು, ಮತ್ತು ಅದರ ಮೂಲವನ್ನು ಕೇಳಿದ ವಿದ್ವಾಂಸನ ಕಣ್ಣು ಐರ್ಲೆಂಡಿನತ್ತ ಹೋಯಿತು.

ನಮ್ಮ ಸಭೆಯ ಕಣ್ಣು ಎತ್ತ ಹೋಯಿತು? 1834ರಲ್ಲಿ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಾಗ ಅವರು ಕಂಡ ಹೆಣಿಗೆ ಬಸದಿಯದಲ್ಲ, ನಾಗನದು. ಕಲ್ಲಿನಲ್ಲಿ ಎರಡು ಹಾವುಗಳು ಒಂದನ್ನೊಂದು ಸುತ್ತಿಕೊಂಡ ನಾಗಶಿಲೆಗಳು ಬನಬನಗಳಲ್ಲಿದ್ದುವು. ನಾಗಮಂಡಲದ ರಾತ್ರಿ ನೆಲದ ಮೇಲೆ ಬಿಳಿ, ಹಳದಿ, ಕೆಂಪು, ಹಸುರು, ಕಪ್ಪು ಎಂಬ ಐದು ಬಣ್ಣದ ಪುಡಿಗಳಿಂದ ಸರ್ಪದ ಗಂಟುಗಳನ್ನು ಬರೆಯುತ್ತಾರೆ; ಪೂರ್ಣ ಮಂಡಲಕ್ಕೆ 16 ಪವಿತ್ರ, ಅರ್ಧಕ್ಕೆ 8, ಕಾಲಿಗೆ 4. ಬೆಳಗಾಗುವ ಹೊತ್ತಿಗೆ ಅಷ್ಟನ್ನೂ ಅಳಿಸಿಬಿಡುತ್ತಾರೆ. ದೀಕ್ಷಾಸ್ನಾನ ಬೇಡಿದವರು ಭೂತಾರಾಧನೆಯನ್ನೂ ನಾಗಾರಾಧನೆಯನ್ನೂ ಬಿಡಬೇಕೆಂದು ಮಿಷನೆರಿಗಳು ಬಯಸಿದ್ದು ಸಹಜವೇ. ಭಯದಿಂದ ಬಿಡುಗಡೆ ಎಂಬುದು ಆ ಮೊದಲ ಕ್ರೈಸ್ತರ ಪಾಲಿಗೆ ಬರಿಯ ಮಾತಾಗಿರಲಿಲ್ಲ. ಆದರೆ ನಾಗನ ಜೊತೆಗೆ ಹೆಣೆದ ರೇಖೆಯೂ ಹೋಯಿತು. ಅಂಗಳದ ರಂಗವಲ್ಲಿಯೂ ಹೋಯಿತು. ಬಿಳಿ ಸುಣ್ಣದ ಗೋಡೆ, ಪೀಠ, ಬೆಂಚು, ಒಂದು ಸಾದಾ ಶಿಲುಬೆ ಉಳಿದುವು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚುಗಳು ಮಾಡಿನ ಮೇಲೆ ಒಂದನ್ನೊಂದು ಕಚ್ಚಿ ಹಿಡಿದು ಕುಳಿತುಕೊಳ್ಳುತ್ತವೆ. ಮೇಲೊಂದು ಕೆಳಗೊಂದು ಎಂಬ ಕ್ರಮಕ್ಕೆ ನಮ್ಮ ದೇವಾಲಯಗಳಲ್ಲಿ ದೊರೆತ ಸ್ಥಾನ ಅದೊಂದೇ ಎಂದು ನಗೆಯಾಡಬಹುದು.

ಆ ಮಿಷನೆರಿಗಳಲ್ಲಿ ಅನೇಕರು ಜರ್ಮನಿಯ ವ್ಯುರ್ಟೆಂಬರ್ಗಿನವರು. 1847ರಲ್ಲಿ ಇಲ್ಲಿ ದೇವಜ್ಞಾನದ ತರಬೇತಿಯನ್ನು ಆರಂಭಿಸಿದ ಮೋಗ್ಲಿಂಗ್ ಅಲ್ಲಿನ ಬ್ರಾಕೆನ್‌ಹೈಮಿನಲ್ಲಿ 1811ರಲ್ಲಿ ಹುಟ್ಟಿದವರು. ಅವರ ತಾಯ್ನೆಲದಲ್ಲಿ ಕ್ರೈಸ್ತಪೂರ್ವ ಅಲೆಮಾನ್ನಿ ಜನರ ಸಮಾಧಿಗಳನ್ನು ಅಗೆದರೆ ದೊರೆಯುವ ಲೋಹದ ಒಡವೆಗಳ ಮೇಲೆ ಹಾವಿನಂತೆ ನೀಳವಾದ ಪ್ರಾಣಿಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ದೊರೆತ, ಏಳನೆಯ ಶತಮಾನದ ಆದಿಭಾಗದ ಬಂಗಾರದ ಸೊಂಟಪಟ್ಟಿಯ ಕೊಂಡಿಯ ಮೇಲೆಯೂ ಅವೇ. ಅದೇ ಪ್ರಾಣಿಗಳು, ಕೊಕ್ಕು ಬಾಲ ಸಮೇತ, ನೂರು ವರ್ಷಗಳೊಳಗೆ ಈಡ್‌ಫ್ರಿತ್‌ನ ಸುವಾರ್ತಾಪುಟವನ್ನು ಹೊಕ್ಕುವು. ಯಾರೂ ಅವನನ್ನು ಸರ್ಪಾರಾಧಕನೆನ್ನಲಿಲ್ಲ. 601ರಲ್ಲಿ ಮಹಾ ಗ್ರೆಗೊರಿ ಮೆಲಿಟಸ್‌ಗೆ ಬರೆದ, ಬೀಡನು ತನ್ನ ಚರಿತ್ರೆಯಲ್ಲಿ ಸೇರಿಸಿದ ಪತ್ರ ಸಭಾಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತ: ವಿಗ್ರಹಗಳನ್ನು ತೆಗೆದುಹಾಕಿರಿ, ಗುಡಿಗಳನ್ನು ಕೆಡವಬೇಡಿರಿ ಎಂಬುದು ಅದರ ಸಾರ. ಈಡ್‌ಫ್ರಿತ್ ಹೆಣಿಗೆಯ ವಿಷಯದಲ್ಲಿ ಮಾಡಿದ್ದೂ ಅದನ್ನೇ.

ಹಾಗಾದರೆ ಮಂಗಳೂರಿನ ಮಿಷನೆರಿಗಳು ತಪ್ಪಿದರೇ? ಅಷ್ಟು ಸುಲಭವಾಗಿ ತೀರ್ಪು ಕೊಡಲಾರೆ. ನಾರ್ತಂಬ್ರಿಯದಲ್ಲಿ ಅರಸನೇ ಕ್ರೈಸ್ತನಾಗಿದ್ದನು; ಹಳೆಯ ರೂಪವನ್ನು ಒಳಕ್ಕೆ ಕರೆಯಲು ಅಲ್ಲಿನ ಸಭೆಗೆ ಧೈರ್ಯವಿತ್ತು. ಇಲ್ಲಿ ಬೆರಳೆಣಿಕೆಯ ಬಿಲ್ಲವ ಕುಟುಂಬಗಳು ಬಂಧುಬಳಗವನ್ನೂ ಗೇಣಿಯ ಗದ್ದೆಯನ್ನೂ ಕಳೆದುಕೊಳ್ಳುವ ಅಪಾಯದಲ್ಲಿ ಸಭೆಗೆ ಬಂದಿದ್ದುವು. ಅಂಥವರ ಎದುರಿನಲ್ಲಿ ಹಾವಿನ ಗಂಟನ್ನು ಬರಿಯ ಅಲಂಕಾರವೆಂದು ತೋರಿಸುವುದು ಕ್ರೌರ್ಯವೂ ಆಗಬಹುದಿತ್ತು. ಒಪ್ಪಲು ಕಷ್ಟವಾಗುವುದು ಇನ್ನೊಂದು ಸಂಗತಿ. ಇತ್ತೀಚಿನ ದಶಕಗಳಲ್ಲಿ ಭಾರತೀಯ ಕ್ರೈಸ್ತ ಕಲೆಯನ್ನು ಕುರಿತು ಮಾತು ಎದ್ದಾಗಲೆಲ್ಲ ನಾವು ಕಂಬ, ಕಲಶ, ಕಮಲ, ದೀಪಸ್ತಂಭಗಳತ್ತ ಕೈ ಚಾಚುತ್ತೇವೆ. ಅವೆಲ್ಲ ಒಳಗಿದ್ದವರ ರೂಪಗಳು. ದೂರ ನಿಂತವರ ಕೈಯ ಹೆಣಿಗೆ ನಮಗೂ ಹೊಳೆಯುವುದಿಲ್ಲ.

ಕೈವಾರದ ಕುರಿತು ಸತ್ಯವೇದವು ಎರಡು ಬಗೆಯಾಗಿ ಮಾತಾಡುತ್ತದೆ. ಯೆಶಾಯ 44:13ರಲ್ಲಿ ಬಡಗಿಯು ನೂಲು ಹಿಡಿದು, ಕೈವಾರದಿಂದ ಗುರುತು ಹಾಕಿ, ಮರದಿಂದ ವಿಗ್ರಹವನ್ನು ಮಾಡುತ್ತಾನೆ. ಪ್ರವಾದಿಯು ಅವನನ್ನು ಹಾಸ್ಯ ಮಾಡುತ್ತಾನೆ. ಜ್ಞಾನೋಕ್ತಿ 8:27ರಲ್ಲಿ ದೇವರು ಸಾಗರದ ಮೇಲೆ ವೃತ್ತವನ್ನು ಎಳೆಯುತ್ತಾನೆ. ಜ್ಞಾನವು ಅದನ್ನು ನೋಡುತ್ತ ಪಕ್ಕದಲ್ಲಿದೆ. ಬಡಗಿಯ ಉಪಕರಣಕ್ಕೂ ಸೃಷ್ಟಿಕರ್ತನ ವೃತ್ತಕ್ಕೂ ಮೂಲ ಹೀಬ್ರೂವಿನಲ್ಲಿ ಇರುವುದು ಒಂದೇ ಧಾತು. ಹದಿಮೂರನೆಯ ಶತಮಾನದ ಪ್ಯಾರಿಸಿನ ಚಿತ್ರಕಾರರು ದೇವರ ಕೈಗೆ ದೊಡ್ಡ ಕೈವಾರವನ್ನೇ ಕೊಟ್ಟು ಬೈಬಲಿನ ಮುಖಪುಟದಲ್ಲಿ ನಿಲ್ಲಿಸಿದರು. ಅಂಥ ಒಂದು ಪ್ರತಿ ವಿಯೆನ್ನದಲ್ಲಿದೆ. ಕನ್ನಡದಲ್ಲಂತೂ ಈ ಶಬ್ದಕ್ಕೆ ಇನ್ನೊಂದು ಸೊಗಸಿದೆ. ಹಳೆಯ ಕಾವ್ಯಗಳಲ್ಲಿ ಕೈವಾರವೆಂದರೆ ಸ್ತುತಿ, ಹೊಗಳಿಕೆ; ಕೈವಾರಿಸು ಎಂದರೆ ಕೊಂಡಾಡು. ಎರಡು ಶಬ್ದಗಳ ಹುಟ್ಟು ಬೇರೆಯೇ ಇರಬಹುದು. ಆದರೂ ಕೀರ್ತನೆಗಳ ಪುಸ್ತಕವನ್ನು ಕನ್ನಡದಲ್ಲಿ ಹಾಡುವ ಸಭೆಗೆ ಈ ಕೂಡಿಕೆಯ ಮೇಲೆ ಸ್ವಲ್ಪ ಹಕ್ಕಿದೆಯೆಂದು ಭಾವಿಸುತ್ತೇನೆ.

ಬೆಳೆಯ ಹಬ್ಬದ ಭಾನುವಾರ ನಮ್ಮ ದೇವಾಲಯಗಳಿಗೆ ತೆಂಗಿನಕಾಯಿ, ಬಾಳೆಗೊನೆ, ಸೌತೆ, ಭತ್ತದ ತೆನೆಗಳು ಬುಟ್ಟಿಗಳಲ್ಲಿ ಬರುತ್ತವೆ. ಅವುಗಳನ್ನು ಪೀಠದ ಮುಂದೆ ಸಾಲಾಗಿ ಇಡುತ್ತಾರೆ. ಬೋಧಕರು ಫಲಗಳಿಗಾಗಿ ಸ್ತೋತ್ರ ಸಲ್ಲಿಸುತ್ತಾರೆ. ಆರಾಧನೆಯ ಬಳಿಕ ಅಂಗಳದಲ್ಲಿ ಏಲಂ ನಡೆಯುತ್ತದೆ. ಕಾಯಿಗೂ ಗೊನೆಗೂ ಬೆಲೆ ಕೂಗುತ್ತಾರೆ. ಖಾಲಿಯಾದ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು, ಮುಂದಿನ ವರ್ಷಕ್ಕೆಂದು ಗಂಟೆಗೋಪುರದ ಕೆಳಗಿನ ಕೋಣೆಯಲ್ಲಿ ಸೇರಿಸುತ್ತಾರೆ.